ಹಳೆ ಕಾರು ನಿಜವಾಗಿ ಬಿಸಿಯಾಗುತ್ತಿದೆಯಾ, ಮೀಟರ್ ಸುಳ್ಳು ಹೇಳುತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಮನೆ. ಮನೆಯಲ್ಲಿ 1997ರ ಮಾರುತಿ 800 ಇದೆ. ಚಿಕ್ಕಪ್ಪನ ತೋಟದಲ್ಲಿ ಅದಕ್ಕಿಂತ ಹಳೆಯ ಡೀಸೆಲ್ ಜೀಪ್ ಇದೆ. ಎರಡನ್ನೂ ಇವತ್ತಿಗೂ ದಿನಾ ಓಡಿಸುತ್ತೇವೆ. ಒಂದು ಗಾಡಿಯಲ್ಲಿ ಎಂಜಿನ್ ಬಿಸಿ ತೋರಿಸುವ ಟೆಂಪರೇಚರ್ ಮೀಟರ್ (ಮುಳ್ಳು ಸಿ ಕಡೆ ಇದ್ದರೆ ತಣ್ಣಗೆ, ಎಚ್ ಕಡೆ ಇದ್ದರೆ ಬಿಸಿ) ಸುಳ್ಳು ಹೇಳಿದ್ದಕ್ಕೆ ಸುಮ್ನೆ ದುಡ್ಡು ಹೋಯಿತು. ಇನ್ನೊಂದರಲ್ಲಿ ಮೀಟರ್ ನಿಜ ಹೇಳಿದರೂ ನಂಬದೆ ಹೆಡ್ಡೇ, ಅಂದರೆ ಎಂಜಿನ್ನಿನ ಮೇಲ್ಭಾಗವೇ, ಹೋಯಿತು. ಆಮೇಲಿಂದ ಅಕ್ಕಪಕ್ಕದವರು, ನೆಂಟರು, ಪರಿಚಯದವರು ಬಿಸಿಯ ವಿಷಯಕ್ಕೆ ನನ್ನನ್ನೇ ಕೇಳುತ್ತಾರೆ. ಕೇಳುವುದು ಹೆಚ್ಚು ಕಡಿಮೆ ಇದೇ ಪ್ರಶ್ನೆಗಳನ್ನು. 800, ಓಮ್ನಿ, ಜಿಪ್ಸಿ, ಹಳೆ ಜೆನ್, ಜೀಪ್, ಅಂಬಾಸಿಡರ್ ಇಟ್ಟುಕೊಂಡವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ಘಾಟಿ ಹತ್ತುತ್ತಿದ್ದೇನೆ, ಮುಳ್ಳು ಎಚ್ ಮುಟ್ಟಿತು. ಈ ಕ್ಷಣ ಏನು ಮಾಡಲಿ?

ಮೊದಲು ಎಸಿ ಆಫ್ ಮಾಡಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿಡಿ. ಹೀಟರ್ ಅಂದರೆ ಒಳಗಿರುವ ಇನ್ನೊಂದು ಚಿಕ್ಕ ರೇಡಿಯೇಟರ್ ಅಷ್ಟೇ, ಎಂಜಿನ್ನಿನ ಶಾಖವನ್ನು ಸ್ವಲ್ಪ ಎಳೆದುಕೊಳ್ಳುತ್ತದೆ. ಗಾಡಿ ನಿಲ್ಲಿಸಲು ಅಗಲವಾದ ಜಾಗ ನೋಡಿ. ಸಂಪಾಜೆ ಘಾಟಿಯಲ್ಲಿ ತಿರುವಿನ ಮೇಲೆ ನಿಲ್ಲಿಸಬೇಡಿ, ಹಿಂದಿನಿಂದ ಲಾರಿ ಬರುತ್ತಿರುತ್ತದೆ.

ಬೋನೆಟ್ ಕೆಳಗಿನಿಂದ ಆವಿ ಬರುತ್ತಿದ್ದರೆ ತಕ್ಷಣ ಎಂಜಿನ್ ಆಫ್ ಮಾಡಿ. ಆವಿ ಇಲ್ಲ, ನೀರು ಸುರಿದಿಲ್ಲ, ಫ್ಯಾನ್ ತಿರುಗುತ್ತಿದೆ ಅಂದರೆ ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ನೋಡಬಹುದು. ಮುಳ್ಳು ಇಳಿಯದಿದ್ದರೆ ಆಫ್ ಮಾಡಿ.

ಆಮೇಲೆ ಕಾಯಬೇಕು. ಅರ್ಧ ಗಂಟೆ, ಮುಕ್ಕಾಲು ಗಂಟೆ. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಮುಟ್ಟಲೇಬೇಡಿ. ಒಳಗೆ ಒತ್ತಡ ಇರುತ್ತದೆ. ಕ್ಯಾಪ್ ತೆಗೆದ ಕೂಡಲೇ ಒತ್ತಡ ಇಳಿದು, ನೂರು ಡಿಗ್ರಿ ದಾಟಿದ ನೀರು ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಮೇಲಿನ ಹೋಸ್ ಪೈಪನ್ನು ಬಟ್ಟೆ ಸುತ್ತಿ ಹಿಚುಕಿ ನೋಡಿ. ಗಟ್ಟಿ ಇದ್ದರೆ ಇನ್ನೂ ಕಾಯಿರಿ. ಮೆತ್ತಗಾಗಿದ್ದರೆ, ಮೇಲೆ ದಪ್ಪ ಬಟ್ಟೆ ಹಾಕಿ, ಮುಖ ದೂರ ಇಟ್ಟು, ನಿಧಾನಕ್ಕೆ ತಿರುಗಿಸಿ.

ಪಕ್ಕದಲ್ಲೇ ಝರಿ ಹರಿಯುತ್ತಿದೆ ಅಂತ ಆ ತಣ್ಣೀರನ್ನು ಬಿಸಿ ಎಂಜಿನ್ ಮೇಲೆ ಸುರಿಯುವವರನ್ನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಬೇಡ. ಹೆಡ್ ಬಿರುಕು ಬಿಡುತ್ತದೆ. ಒಳಗೆ ನೀರು ತುಂಬುವಾಗಲೂ ಎಂಜಿನ್ ಚೆನ್ನಾಗಿ ಆರಿರಲಿ, ಸ್ವಲ್ಪ ಸ್ವಲ್ಪವಾಗಿ ಹಾಕಿ.

ನಿಜವಾಗಿ ಬಿಸಿಯಾಗಿದೆಯಾ, ಮೀಟರ್ ತಪ್ಪಾ ಅಂತ ಹೇಗೆ ಗೊತ್ತಾಗುತ್ತದೆ?

ಇದು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಆದರೆ ಎಲ್ಲರೂ ಕೊನೆಗೆ ಕೇಳುತ್ತಾರೆ. ನನ್ನ 800ರಲ್ಲಿ ಆದದ್ದು ಅದೇ. ಒಂದು ಮಳೆಗಾಲ ಕಳೆದ ಮೇಲೆ ಮುಳ್ಳು ಆಗಾಗ ಎಚ್‌ಗೆ ಹಾರುತ್ತಿತ್ತು. ಗ್ಯಾರೇಜಿನಲ್ಲಿ ತರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ತೆರೆದು ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಬದಲಾಯಿಸಿದರು. ಕಡಿಮೆಯಾಗಲಿಲ್ಲ. ರೇಡಿಯೇಟರ್ ಬಿಚ್ಚಿ ಕ್ಲೀನ್ ಮಾಡಿಸಿದರು, ಆಮೇಲೆ ವಾಟರ್ ಪಂಪ್ ಹಾಕಿದರು. ಆಗಲೂ ಹಾಗೇ. ಕೊನೆಗೆ ಒಬ್ಬ ಎಲೆಕ್ಟ್ರಿಷಿಯನ್ ಬೋನೆಟ್ ಎತ್ತಿ ಎರಡೇ ನಿಮಿಷದಲ್ಲಿ ತೋರಿಸಿದರು: ಸೆನ್ಸರ್‌ಗೆ ಹೋಗುವ ಒಂದೇ ಒಂದು ವೈರಿನ ಸಿಪ್ಪೆಯನ್ನು ಇಲಿ ಕಡಿದಿತ್ತು, ಗಾಡಿ ಅಲುಗಿದಾಗ ಒಳಗಿನ ತಾಮ್ರ ಎಂಜಿನ್ನಿಗೆ ತಾಗುತ್ತಿತ್ತು. ಎಂಜಿನ್ ಒಂದು ದಿನವೂ ಬಿಸಿಯಾಗಿರಲಿಲ್ಲ. ಕಾಫಿ ಗೋದಾಮಿನ ಪಕ್ಕ ಗಾಡಿ ನಿಲ್ಲಿಸುವವರು ಇದನ್ನು ನೆನಪಿಡಿ. ಮಳೆಗಾಲದಲ್ಲಿ ಇಲಿಗೆ ಬೆಚ್ಚಗಿನ ಬೋನೆಟ್‌ಗಿಂತ ಒಳ್ಳೆ ಮನೆ ಇಲ್ಲ.

ಹಾಗಾಗಿ ಮೊದಲು ಅಳೆಯಿರಿ, ಆಮೇಲೆ ಸಾಮಾನು ಕೊಳ್ಳಿ. ಪಿಸ್ತೂಲಿನ ಹಾಗೆ ಹಿಡಿದು ಕೆಂಪು ಚುಕ್ಕಿ ಬಿಡುವ ಇನ್‌ಫ್ರಾರೆಡ್ ಥರ್ಮಾಮೀಟರ್ ಸಿಗುತ್ತದೆ, ಬೆಲೆ ದುಬಾರಿ ಏನಲ್ಲ. ಮೇಲಿನ ಹೋಸ್ ಎಂಜಿನ್ನಿಗೆ ಸೇರುವ ಕಡೆ, ತರ್ಮೋಸ್ಟಾಟ್ ಕೂರುವ ಲೋಹದ ಮನೆಗೆ ಗುರಿ ಇಡಿ. ಆ ಲೋಹ ಬೆಳ್ಳಗೆ ಹೊಳೆಯುತ್ತಿದ್ದರೆ ಅಳತೆ ಕಡಿಮೆ ಬರುತ್ತದೆ. ಅಲ್ಲೊಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಅದರ ಮೇಲೆ ಅಳೆಯಿರಿ. ಚೆನ್ನಾಗಿ ಓಡಿದ ಎಂಜಿನ್ನಿನಲ್ಲಿ 80ರಿಂದ 95 ಡಿಗ್ರಿ ಒಳಗೆ ಬಂದರೆ ಎಂಜಿನ್ ಸರಿ ಇದೆ ಅಂತ ಅರ್ಥ. ಮುಳ್ಳು ಆಗಲೂ ಎಚ್ ಹತ್ತಿರ ಇದ್ದರೆ ಮೀಟರ್ ಕಡೆ ನೋಡಿ. 105, 110 ತೋರಿಸಿದರೆ ಬಿಸಿ ನಿಜ, ಮೀಟರನ್ನು ಬಯ್ಯಬೇಡಿ.

ಥರ್ಮಾಮೀಟರ್ ಇಲ್ಲದಿದ್ದರೂ ಸುಳಿವು ಸಿಗುತ್ತದೆ. ನಿಜವಾದ ಬಿಸಿ ನಿಧಾನಕ್ಕೆ ಏರುತ್ತದೆ, ನಿಧಾನಕ್ಕೆ ಇಳಿಯುತ್ತದೆ. ಅಷ್ಟು ನೀರು, ಅಷ್ಟು ಕಬ್ಬಿಣ ಒಂದು ಸೆಕೆಂಡಿನಲ್ಲಿ ಬಿಸಿಯಾಗಲು ಸಾಧ್ಯವಿಲ್ಲ ಅಲ್ವಾ? ಗುಂಡಿಗೆ ಇಳಿದಾಗ ಮುಳ್ಳು ಹಾರಿದರೆ, ಹೆಡ್‌ಲೈಟ್ ಹಾಕಿದಾಗ ಅಥವಾ ವೈಪರ್ ಹಾಕಿದಾಗ ಮುಳ್ಳು ಅಲುಗಿದರೆ ಅದು ಕರೆಂಟಿನ ತೊಂದರೆ. ಬೆಳಿಗ್ಗೆ ತಣ್ಣಗಿರುವ ಎಂಜಿನ್ನಿಗೆ ಬರೀ ಕೀ ಹಾಕಿದಾಗಲೇ ಮುಳ್ಳು ಎಚ್‌ಗೆ ಹೋದರೆ ಅಂತೂ ಅನುಮಾನವೇ ಬೇಡ. ಆದರೆ ಸಿಹಿ ವಾಸನೆ, ಆವಿ, ರಿಸರ್ವ್ ಡಬ್ಬದಲ್ಲಿ ಗುಳುಗುಳು ಸದ್ದು, ಗಾಡಿ ಎಳೆಯದಿರುವುದು, ಏರಿನಲ್ಲಿ ಟಕ ಟಕ ಅನ್ನುವುದು, ಇವುಗಳಲ್ಲಿ ಒಂದಿದ್ದರೂ ಮೀಟರ್ ಏನೇ ತೋರಿಸಲಿ, ನಿಲ್ಲಿಸಿ. ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗಿರುವುದರಿಂದ ಶಾಖ ಮತ್ತು ವಾಸನೆ ನಿಮಗೇ ಮೊದಲು ತಿಳಿಯುತ್ತದೆ.

ಮುಳ್ಳು ಸಿ ಬಿಟ್ಟು ಏಳುವುದೇ ಇಲ್ಲ. ಅಥವಾ ಯಾವಾಗಲೂ ಎಚ್‌ನಲ್ಲೇ ಇರುತ್ತದೆ. ಮೀಟರ್ ಹೋಯಿತಾ, ಸೆನ್ಸರ್ ಹೋಯಿತಾ?

ಮನೆಯಲ್ಲೇ ನೋಡಬಹುದು. ಹಳೆ ಗಾಡಿಗಳಲ್ಲಿ ಸೆನ್ಸರ್ ಅಂದರೆ ಹಿತ್ತಾಳೆಯ ಒಂದು ಚಿಕ್ಕ ಬೋಲ್ಟ್. ತಲೆಗೆ ಒಂದೇ ವೈರ್ ಇರುತ್ತದೆ, ಅರ್ತ್ ಅದರ ಮರೆಯಿಂದಲೇ, ಅಂದರೆ ಬೋಲ್ಟಿನ ತಿರುಪಿನ ಸುತ್ತಿನಿಂದಲೇ, ಎಂಜಿನ್ನಿಗೆ ಸಿಗುತ್ತದೆ. ತಣ್ಣಗಿರುವಾಗ ಅದರ ತಡೆ ಜಾಸ್ತಿ, ಬಿಸಿಯಾದಷ್ಟೂ ಕಡಿಮೆ. ತಡೆ ಕಡಿಮೆಯಾದರೆ ಕರೆಂಟ್ ಜಾಸ್ತಿ ಹರಿದು ಮುಳ್ಳು ಏರುತ್ತದೆ.

ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಬೇಡ. ಸೆನ್ಸರ್‌ನ ವೈರ್ ಕಿತ್ತು ಗಾಳಿಯಲ್ಲಿ ಹಿಡಿಯಿರಿ. ಮುಳ್ಳು ಸಿಗೆ ಇಳಿಯಬೇಕು. ಈಗ ಆ ವೈರಿನ ತುದಿಯನ್ನು ಎಂಜಿನ್ನಿನ ಬರೀ ಲೋಹಕ್ಕೆ ತಾಗಿಸಿ, ಇನ್ನೊಬ್ಬರು ಒಳಗೆ ಕೂತು ಮುಳ್ಳು ನೋಡಲಿ. ಅದು ಎಚ್ ಕಡೆ ಏಳಬೇಕು. ಏಳಲು ಶುರುವಾದ ಕೂಡಲೇ ವೈರ್ ತೆಗೆಯಿರಿ, ಜಾಸ್ತಿ ಹೊತ್ತು ಹಿಡಿದರೆ ಮೀಟರ್ ಸುಟ್ಟೀತು.

ಎರಡೂ ಸರಿಯಾಗಿ ನಡೆದರೆ ಮೀಟರ್ ಮತ್ತು ವೈರ್ ಚೆನ್ನಾಗಿವೆ, ತಪ್ಪು ಸೆನ್ಸರ್‌ನದು. ವೈರ್ ಕಿತ್ತರೂ ಮುಳ್ಳು ಎಚ್‌ನಲ್ಲೇ ನಿಂತರೆ ದಾರಿಯಲ್ಲಿ ಎಲ್ಲೋ ವೈರ್ ಬಾಡಿಗೆ ತಾಗುತ್ತಿದೆ, ಇಲ್ಲವೇ ಮೀಟರ್ ಒಳಗೇ ತೊಂದರೆ. ಲೋಹಕ್ಕೆ ತಾಗಿಸಿದರೂ ಮುಳ್ಳು ಏಳದಿದ್ದರೆ ವೈರ್ ತುಂಡಾಗಿದೆ, ಅಥವಾ ಮೀಟರ್‌ಗೆ ಕರೆಂಟೇ ಬರುತ್ತಿಲ್ಲ, ಅಥವಾ ಮೀಟರ್ ಸತ್ತಿದೆ. ಹೊಸ ಸೆನ್ಸರ್ ಕೊಳ್ಳುವ ಮೊದಲು ವೈರಿನ ತುದಿಯ ಹಸಿರು ಕಿಲುಬನ್ನು ಉಪ್ಪು ಕಾಗದದಿಂದ ಉಜ್ಜಿ ನೋಡಿ. ಮಡಿಕೇರಿ ಕಡೆ ವರ್ಷದ ಮಳೆ 3000 ಮಿಲಿಮೀಟರ್ ದಾಟುತ್ತದೆ, ಕಿಲುಬು ಹಿಡಿಯದ ಟರ್ಮಿನಲ್ ನಮ್ಮಲ್ಲಿ ಅಪರೂಪ.

ಎರಡು ಎಚ್ಚರಿಕೆ. 2000ದ ಆಸುಪಾಸಿನಿಂದ ಬಂದ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಚಿಮ್ಮಿಸುವ) ಗಾಡಿಗಳಲ್ಲಿ ಕಂಪ್ಯೂಟರ್‌ಗೆ ಹೋಗುವ ಎರಡು ವೈರಿನ ಸೆನ್ಸರ್ ಬೇರೆ ಇರುತ್ತದೆ. ಅದನ್ನು ಹೀಗೆ ಲೋಹಕ್ಕೆ ತಾಗಿಸಿ ಆಟ ಆಡಬೇಡಿ. ಇನ್ನೊಂದು, ಹೊಸ ಸೆನ್ಸರ್ ಹಾಕುವಾಗ ಮರೆಗೆ ಟೆಫ್ಲಾನ್ ಟೇಪನ್ನು ಸುತ್ತಿ ಸುತ್ತಿ ಹಾಕಿದರೆ ಅರ್ತ್ ಸರಿಯಾಗಿ ಸಿಗದೆ ಮುಳ್ಳು ಕಡಿಮೆ ತೋರಿಸುತ್ತದೆ.

ಟೆಂಪರೇಚರ್ ಜೊತೆ ಪೆಟ್ರೋಲ್ ಮುಳ್ಳೂ ತಪ್ಪು ತೋರಿಸುತ್ತಿದೆ. ಎರಡೂ ಒಟ್ಟಿಗೆ ಹಾಳಾದವಾ?

ಇಲ್ಲ. ಎರಡೂ ಒಟ್ಟಿಗೆ ತಪ್ಪಿದರೆ ಎರಡಕ್ಕೂ ಸೇರಿದ ಯಾವುದೋ ಒಂದು ತಪ್ಪಿದೆ. ಮೊದಲು ಫ್ಯೂಸ್ ನೋಡಿ. ಆಮೇಲೆ ಡ್ಯಾಶ್‌ಬೋರ್ಡ್ ಹಿಂದಿನ ಅರ್ತ್ ವೈರ್. ಹಳೆ ಗಾಡಿಗಳಲ್ಲಿ ಕೆಲವದರ ಮೀಟರ್ ಹಿಂದೆ ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ವೋಲ್ಟೇಜ್ ಸ್ಟೆಬಿಲೈಜರ್ ಇರುತ್ತದೆ. ಅದು ಹೋದರೆ ಎರಡು ಮುಳ್ಳೂ ಒಂದೇ ದಿಕ್ಕಿಗೆ ತಪ್ಪುತ್ತವೆ, ಎರಡೂ ಜಾಸ್ತಿ ಅಥವಾ ಎರಡೂ ಕಡಿಮೆ.

ಎಚ್‌ಗೆ ಹೋಗಿದ್ದ ಮುಳ್ಳು ತಾನೇ ಕೆಳಗೆ ಬಿತ್ತು. ಸರಿಯಾಯಿತು ತಾನೇ?

ಈ ಪ್ರಶ್ನೆಗೆ ಉತ್ತರ ಕೊಡುವಾಗ ಈಗಲೂ ಚಿಕ್ಕಪ್ಪನ ಜೀಪ್ ನೆನಪಾಗುತ್ತದೆ. ಸುಳ್ಯದಿಂದ ಸಾಮಾನು ತುಂಬಿಕೊಂಡು ಬರುತ್ತಿದ್ದೆವು. ಸಂಪಾಜೆ ದಾಟಿ ಏರು ಶುರುವಾದ ಮೇಲೆ ಮುಳ್ಳು ಮೆಲ್ಲಗೆ ಎಚ್ ಮುಟ್ಟಿತು. ನಾನು ನಿಲ್ಲಿಸೋಣ ಚಿಕ್ಕಪ್ಪ ಅಂದೆ. ಅವರು, ಆ ಮೀಟರ್ ಯಾವಾಗಲೂ ಹಾಗೇ, ನೀನು ಸುಮ್ನಿರು ಮಗ ಅಂದರು. ಎರಡು ತಿರುವು ಕಳೆಯುವಷ್ಟರಲ್ಲಿ ಮುಳ್ಳು ಸಿಗೆ ಬಿದ್ದಿತು. ನೋಡಿದೆಯಾ ಅಂತ ಅವರಿಗೆ ಸಮಾಧಾನವಾಯಿತು. ಇನ್ನೊಂದು ಕಿಲೋಮೀಟರ್ ಹೋಗುವ ಮೊದಲೇ ಎಂಜಿನ್ ಬಿಗಿಯಾಗಿ ನಿಂತಿತು.

ಆದದ್ದು ಇಷ್ಟು. ಕೆಳಗಿನ ಹೋಸ್ ಪೈಪ್ ಸೀಳಿ ನೀರೆಲ್ಲ ರಸ್ತೆಗೆ ಹೋಗಿತ್ತು. ಸೆನ್ಸರ್ ಅಳೆಯುವುದು ತನಗೆ ತಾಗುವ ನೀರಿನ ಬಿಸಿಯನ್ನು. ನೀರೇ ಇಲ್ಲದಿದ್ದರೆ ಅದರ ಸುತ್ತ ಇರುವುದು ಬರೀ ಗಾಳಿ, ಆವಿ. ಅದಕ್ಕೆ ಶಾಖ ಸರಿಯಾಗಿ ತಲುಪುವುದಿಲ್ಲ, ಮುಳ್ಳು ಇಳಿಯುತ್ತದೆ. ಎಂಜಿನ್ ಒಳಗೆ ಮಾತ್ರ ಸುಡುತ್ತಿರುತ್ತದೆ. ಹೆಡ್ ಬಿರುಕು ಬಿಟ್ಟಿತ್ತು, ಹೊಸದನ್ನೇ ಹಾಕಬೇಕಾಯಿತು.

ಏರಿನಲ್ಲಿ ಎಚ್‌ಗೆ ಹೋದ ಮುಳ್ಳು ಕಾರಣವಿಲ್ಲದೆ ಒಮ್ಮೆಲೇ ಬಿದ್ದರೆ ಅದಕ್ಕಿಂತ ಕೆಟ್ಟ ಸೂಚನೆ ಇಲ್ಲ. ಅಲ್ಲೇ ಆಫ್ ಮಾಡಿ. ಹೀಟರ್ ಹಾಕಿಕೊಂಡು ಓಡಿಸುತ್ತಿದ್ದಾಗ ಇದ್ದಕ್ಕಿದ್ದ ಹಾಗೆ ತಣ್ಣನೆಯ ಗಾಳಿ ಬರಲು ಶುರುವಾದರೂ ಅದೇ ಅರ್ಥ, ನೀರು ಇಳಿದಿದೆ.

ಮಡಿಕೇರಿ ಪೇಟೆಯ ಜಾಮ್‌ನಲ್ಲಿ ಮಾತ್ರ ಬಿಸಿಯಾಗುತ್ತದೆ, ರಸ್ತೆಗೆ ಬಿದ್ದರೆ ಇಳಿಯುತ್ತದೆ. ಯಾಕೆ?

ಫ್ಯಾನ್. ಹೆಚ್ಚಾಗಿ ಫ್ಯಾನೇ. ಓಡುವಾಗ ಗಾಳಿ ತಾನಾಗಿ ರೇಡಿಯೇಟರ್‌ಗೆ ಬಡಿಯುತ್ತದೆ, ನಿಂತಾಗ ಫ್ಯಾನೇ ಎಳೆಯಬೇಕು. ದಸರಾ ಸಮಯದಲ್ಲಿ, ಶನಿವಾರ ಭಾನುವಾರ ಪ್ರವಾಸಿಗರ ಗಾಡಿಗಳ ಮಧ್ಯೆ ತೆವಳುವಾಗ ಇದು ಗೊತ್ತಾಗುತ್ತದೆ.

800ರಂಥ ಕರೆಂಟ್ ಫ್ಯಾನ್ ಇದ್ದರೆ, ಮನೆಯಂಗಳದಲ್ಲಿ ಐಡ್ಲಿಂಗ್ ಬಿಟ್ಟು ಕಾಯಿರಿ. ನೀರು 90 ದಾಟಿ ಸ್ವಲ್ಪ ಹೊತ್ತಿಗೆ ಫ್ಯಾನ್ ಶುರುವಾಗಬೇಕು. ಆಗದಿದ್ದರೆ ಫ್ಯಾನಿನ ಪ್ಲಗ್ ಕಿತ್ತು ಬ್ಯಾಟರಿಯಿಂದ ನೇರ ಕರೆಂಟ್ ಕೊಡಿ. ತಿರುಗಿದರೆ ಮೋಟಾರ್ ಸರಿ, ಫ್ಯೂಸ್, ರಿಲೇ ಅಥವಾ ಫ್ಯಾನ್ ಸ್ವಿಚ್ ಹೋಗಿದೆ. ಫ್ಯಾನ್ ಸ್ವಿಚ್ ಬೇರೆ, ಮೀಟರ್‌ನ ಸೆನ್ಸರ್ ಬೇರೆ. ಒಂದನ್ನು ಬದಲಾಯಿಸಿ ಇನ್ನೊಂದು ಸರಿಯಾಗಲಿಲ್ಲ ಅಂತ ಬೇಸರ ಪಟ್ಟುಕೊಳ್ಳುವವರು ತುಂಬಾ ಜನ. ತಿರುಗಿದರೂ ಗಾಳಿ ಮುಂದಕ್ಕೆ ಬರುತ್ತಿದ್ದರೆ ವೈರ್ ಉಲ್ಟಾ ಕೊಟ್ಟಿದ್ದಾರೆ, ಗಾಳಿ ಯಾವಾಗಲೂ ಎಂಜಿನ್ ಕಡೆಗೇ ಹೋಗಬೇಕು. ಆ ಹೊತ್ತಿನಲ್ಲಿ ಕೈ ದೂರ ಇರಲಿ, ಕೆಲವು ಗಾಡಿಗಳಲ್ಲಿ ಕೀ ಆಫ್ ಇದ್ದರೂ ಫ್ಯಾನ್ ತಿರುಗೀತು.

ಜೀಪಿನಲ್ಲಿ ಫ್ಯಾನ್ ಬೆಲ್ಟಿನಿಂದ ತಿರುಗುತ್ತದೆ. ಎರಡು ಪುಲ್ಲಿಯ ಮಧ್ಯೆ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಒಂದು ಸೆಂಟಿಮೀಟರ್ ಆಸುಪಾಸು ಕುಗ್ಗಬೇಕು. ಅದಕ್ಕಿಂತ ಜಾಸ್ತಿ ಅಂದರೆ ಸಡಿಲ. ಫ್ಯಾನ್ ಸುತ್ತ ಇರುವ ತಗಡಿನ ಬಳೆಯನ್ನು ಯಾರೋ ತೆಗೆದು ಎಸೆದಿದ್ದರೆ ಹುಡುಕಿ ಹಾಕಿಸಿ. ಅದಿಲ್ಲದೆ ಫ್ಯಾನ್ ಸುತ್ತಲಿನ ಬಿಸಿಗಾಳಿಯನ್ನೇ ತಿರುಗಾಡಿಸುತ್ತದೆ.

ಏರಿನಲ್ಲಿ ಮಾತ್ರ ಬಿಸಿ. ಬಯಲಿನಲ್ಲಿ ಏನೂ ಇಲ್ಲ.

ಏರಿನಲ್ಲಿ ಎಂಜಿನ್ ಜಾಸ್ತಿ ದುಡಿಯುತ್ತದೆ, ವೇಗ ಕಡಿಮೆ, ಗಾಳಿ ಕಡಿಮೆ. ಹಾಗಾಗಿ ಅರ್ಧ ಕಟ್ಟಿದ ರೇಡಿಯೇಟರ್, ಸವೆದ ವಾಟರ್ ಪಂಪ್, ಕಡಿಮೆ ನೀರು, ಎಲ್ಲವೂ ಬಯಲಿನಲ್ಲಿ ಬಚ್ಚಿಟ್ಟುಕೊಂಡು ಸಂಪಾಜೆಯಲ್ಲೋ ಮಾಕುಟ್ಟ ಘಾಟಿಯಲ್ಲೋ ಹೊರಗೆ ಬರುತ್ತವೆ.

ಮೊದಲು ರೇಡಿಯೇಟರ್‌ನ ಮುಖ ನೋಡಿ. ತೋಟದ ಮಣ್ಣು ರಸ್ತೆಯಲ್ಲಿ ಓಡುವ ಗಾಡಿಯಲ್ಲಿ ಕೆಸರು, ಹುಲ್ಲಿನ ಬೀಜ, ಹುಳ ಎಲ್ಲ ಸೇರಿ ರೇಡಿಯೇಟರ್‌ನ ತೆಳು ತಗಡಿನ ರೆಕ್ಕೆಗಳ ಮಧ್ಯೆ ಗಾರೆ ಹಾಕಿದ ಹಾಗೆ ಕೂತಿರುತ್ತದೆ. ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಹಾಯಿಸಿ ತೊಳೆಯಿರಿ, ಮೆಲ್ಲಗೆ. ಜೋರು ಪ್ರೆಷರ್ ಕೊಟ್ಟರೆ ರೆಕ್ಕೆ ಮಡಚಿಕೊಳ್ಳುತ್ತದೆ.

ಒಳಗೆ ಕಟ್ಟಿದೆಯಾ ಅಂತ ನೋಡಲು ಅದೇ ಥರ್ಮಾಮೀಟರನ್ನು ರೇಡಿಯೇಟರ್ ಉದ್ದಕ್ಕೂ ಓಡಿಸಿ. ನೀರು ಒಳಗೆ ಬರುವ ಕಡೆಯಿಂದ ಹೊರಗೆ ಹೋಗುವ ಕಡೆಗೆ ಬಿಸಿ ಸಮನಾಗಿ ಇಳಿಯುತ್ತಾ ಹೋಗಬೇಕು. ಮಧ್ಯದಲ್ಲಿ ಒಂದು ಪಟ್ಟಿ ತಣ್ಣಗಿದ್ದರೆ ಅಲ್ಲಿ ನೀರು ಹರಿಯುತ್ತಿಲ್ಲ. ಹಳೆ ತಾಮ್ರದ ರೇಡಿಯೇಟರ್ ಆದರೆ ರೇಡಿಯೇಟರ್ ಶಾಪ್‌ನಲ್ಲಿ ಟ್ಯಾಂಕ್ ಬಿಚ್ಚಿ, ಒಂದೊಂದು ಕೊಳವೆಗೂ ಕಡ್ಡಿ ಹಾಕಿ ಬಿಡಿಸಿ, ಮತ್ತೆ ಬೆಸುಗೆ ಹಾಕಿ ಕೊಡುತ್ತಾರೆ. ನನ್ನ ಅನುಭವದಲ್ಲಿ ಈ ಕೆಲಸ ಚೆನ್ನಾಗಿ ಬಲ್ಲವರ ಕೈಯಲ್ಲಿ ಹಳೆ ತಾಮ್ರದ್ದೇ ಹೊಸ ಕಡಿಮೆ ಬೆಲೆಯದಕ್ಕಿಂತ ಒಳ್ಳೆಯದು. ಪ್ಲಾಸ್ಟಿಕ್ ಟ್ಯಾಂಕ್ ಇರುವ ಅಲ್ಯೂಮಿನಿಯಂ ಆದರೆ ಬದಲಾಯಿಸುವುದೇ ದಾರಿ.

ವಾಟರ್ ಪಂಪಿನ ಕೆಳಗೆ ಒಂದು ಚಿಕ್ಕ ತೂತು ಇರುತ್ತದೆ. ಅಲ್ಲಿಂದ ನೀರು ಜಿನುಗಿದ ಕಲೆ ಇದ್ದರೆ ಒಳಗಿನ ಸೀಲ್ ಹೋಗಿದೆ. ಆ ತೂತನ್ನು ಎಂ-ಸೀಲ್ ಹಚ್ಚಿ ಮುಚ್ಚಬೇಡಿ.

ನೀರಿಗೆ ಸಂಬಂಧವೇ ಇಲ್ಲದ ಕಾರಣಗಳೂ ಇವೆ. ಮಳೆಗಾಲದ ನಂತರ ಬ್ರೇಕ್ ಸಿಲಿಂಡರ್ ತುಕ್ಕು ಹಿಡಿದು ಚಕ್ರ ಬಿಗಿಹಿಡಿಯುತ್ತದೆ, ಎಂಜಿನ್ ಆ ಭಾರವನ್ನೂ ಎಳೆಯುತ್ತದೆ. ಹತ್ತು ಕಿಲೋಮೀಟರ್ ಓಡಿಸಿ ನಾಲ್ಕೂ ಚಕ್ರದ ಹತ್ತಿರ ಕೈ ಒಯ್ದು ನೋಡಿ, ಒಂದು ಮಾತ್ರ ಬೆಂಕಿಯಾಗಿದ್ದರೆ ಅದೇ. ಪೆಟ್ರೋಲ್ ಗಾಡಿಯಲ್ಲಿ ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದ್ದರೂ (ಅಂದರೆ ಪ್ಲಗ್ಗಿನ ಕಿಡಿ ತಡವಾಗಿ ಬರುತ್ತಿದ್ದರೂ), ಕ್ಲಚ್ ಜಾರುತ್ತಿದ್ದರೂ ಏರಿನಲ್ಲಿ ಬಿಸಿಯಾಗುತ್ತದೆ. ಓಡಿಸುವ ರೀತಿಯೂ ಮುಖ್ಯ. ಮೂರನೇ ಗೇರಿನಲ್ಲಿ ಏದುಸಿರು ಬಿಡಿಸುವ ಬದಲು ಎರಡಕ್ಕೆ ಇಳಿಸಿ. ಎಂಜಿನ್ ಜೋರಾಗಿ ತಿರುಗಿದರೆ ಪಂಪ್ ಕೂಡ ಜೋರಾಗಿ ನೀರು ತಳ್ಳುತ್ತದೆ.

ಕುಶಾಲನಗರ ದಾಟಿ ಮೈಸೂರು ರಸ್ತೆಯಲ್ಲಿ 80ರ ಮೇಲೆ ಹೋದರೆ ಬಿಸಿಯಾಗುತ್ತದೆ, ನಿಧಾನ ಹೋದರೆ ಇಲ್ಲ.

ಒಳಗೆ ಕಟ್ಟಿದ ರೇಡಿಯೇಟರ್, ಇಲ್ಲವೇ ಕೆಳಗಿನ ಹೋಸ್. ಕೆಳಗಿನ ಹೋಸಿನಿಂದ ಪಂಪ್ ನೀರನ್ನು ಹೀರುತ್ತದೆ. ಹೋಸ್ ಹಳೆಯದಾಗಿ ಮೆತ್ತಗಾಗಿದ್ದರೆ ಜೋರಾಗಿ ಹೀರಿದಾಗ ಚಪ್ಪಟೆಯಾಗುತ್ತದೆ. ಬೋನೆಟ್ ಎತ್ತಿ ಒಬ್ಬರು ಆಕ್ಸಿಲರೇಟರ್ ಕೊಟ್ಟರೆ ಕಣ್ಣಿಗೇ ಕಾಣುತ್ತದೆ.

ತರ್ಮೋಸ್ಟಾಟ್ ತೆಗೆದುಹಾಕಿ, ಬಿಸಿಯೇ ಆಗಲ್ಲ ಅಂತಾರೆ. ತೆಗೆಯಲಾ?

ತೆಗೆಯಬೇಡಿ. ನಮ್ಮೂರಿನಲ್ಲಿ ಅರ್ಧಕ್ಕರ್ಧ ಹಳೆ ಗಾಡಿಗಳಲ್ಲಿ ಅದಿಲ್ಲ ಅನ್ನಿಸುವಷ್ಟು ಈ ಸಲಹೆ ಓಡಾಡುತ್ತದೆ, ನನಗೆ ಇದರ ಬಗ್ಗೆ ತುಂಬಾ ಬೇಸರ ಇದೆ. ಕರಾವಳಿಯ ಬಿಸಿಲಿಗೆ ಯಾರೋ ಹೇಳಿದ ಮಾತನ್ನು ಡಿಸೆಂಬರ್ ತಿಂಗಳ ಮಡಿಕೇರಿಯಲ್ಲಿ ಪಾಲಿಸಿದರೆ ಎಂಜಿನ್ ಬಿಸಿಯಾಗುವುದೇ ಇಲ್ಲ. ತಣ್ಣನೆಯ ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ, ಆಯಿಲ್‌ನಲ್ಲಿ ನೀರಿನಂಶ ಉಳಿಯುತ್ತದೆ. ಹೀಟರ್ ಕೂಡ ಸರಿಯಾಗಿ ಬರುವುದಿಲ್ಲ.

ಒಳ್ಳೆಯದಾ ಕೆಟ್ಟದ್ದಾ ಅಂತ ಅಡುಗೆಮನೆಯಲ್ಲೇ ಪರೀಕ್ಷೆ ಮಾಡಬಹುದು. ಹಳೆ ಪಾತ್ರೆಯಲ್ಲಿ ನೀರಿಟ್ಟು, ತರ್ಮೋಸ್ಟಾಟನ್ನು ದಾರಕ್ಕೆ ಕಟ್ಟಿ ತಳ ಮುಟ್ಟದ ಹಾಗೆ ನೇತುಹಾಕಿ, ಪಕ್ಕದಲ್ಲಿ ಥರ್ಮಾಮೀಟರ್ ಇಡಿ. ಅದರ ಮೇಲೆ 82 ಅಥವಾ 88 ಅಂತ ಬರೆದಿರುತ್ತದೆ. ಆ ಬಿಸಿಗೆ ಬಾಯಿ ತೆರೆಯಲು ಶುರು ಮಾಡಬೇಕು, ಇಳಿಸಿದ ಮೇಲೆ ಮುಚ್ಚಬೇಕು. ಸಾಮಾನ್ಯವಾಗಿ ಪೂರ್ತಿ ತೆರೆಯಲು ಇನ್ನೂ ಹತ್ತು ಹನ್ನೆರಡು ಡಿಗ್ರಿ ಬೇಕು. ಮಡಿಕೇರಿ ಸಮುದ್ರ ಮಟ್ಟದಿಂದ 1100 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 96ರ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗಾಗಿ 88ರದ್ದು ಪಾತ್ರೆಯಲ್ಲಿ ಪೂರ್ತಿ ತೆರೆಯದಿದ್ದರೆ ಅದು ಕೆಟ್ಟಿದೆ ಅಂತ ಎಸೆಯಬೇಡಿ.

ಗಾಡಿಯಲ್ಲೇ ನೋಡುವ ದಾರಿ: ಘಾಟಿ ಇಳಿಯುವಾಗ ಮುಳ್ಳು ಸಿಗೆ ಹೋಗಿಬಿಟ್ಟರೆ ತರ್ಮೋಸ್ಟಾಟ್ ತೆರೆದೇ ಅಂಟಿಕೊಂಡಿದೆ, ಅಥವಾ ಯಾರೋ ಮೊದಲೇ ತೆಗೆದಿದ್ದಾರೆ. ಎಂಜಿನ್ ತುಂಬಾ ಬಿಸಿಯಾಗಿದ್ದರೂ ರೇಡಿಯೇಟರ್ ಮತ್ತು ಅದಕ್ಕೆ ಹೋಗುವ ಹೋಸ್ ತಣ್ಣಗೇ ಇದ್ದರೆ ಮುಚ್ಚಿ ಅಂಟಿಕೊಂಡಿದೆ.

ಕ್ಯಾಪ್ ಬರೀ ಮುಚ್ಚಳ ಅಲ್ವಾ? ಅದನ್ನು ಯಾಕೆ ಬದಲಾಯಿಸಬೇಕು?

ಮುಚ್ಚಳ ಅಷ್ಟೇ ಅಲ್ಲ, ಒತ್ತಡ ಹಿಡಿದಿಡುವ ವಾಲ್ವ್. ಎಷ್ಟು ಒತ್ತಡ ಹಿಡಿಯುತ್ತದೆ ಅಂತ ಅದರ ಮೇಲೆ 0.9 ಅಂತಲೋ 1.1 ಅಂತಲೋ ಇರುತ್ತದೆ. 0.9ರ ಕ್ಯಾಪ್ ಸರಿಯಾಗಿ ಹಿಡಿದರೆ ನೀರು ಕುದಿಯುವ ಬಿಸಿ ಸುಮಾರು ಇಪ್ಪತ್ತು ಡಿಗ್ರಿ ಮೇಲಕ್ಕೆ ಹೋಗುತ್ತದೆ. ರಬ್ಬರ್ ಬಿರಿದಿದ್ದರೆ ಆ ಇಪ್ಪತ್ತು ಡಿಗ್ರಿ ಕೈಬಿಟ್ಟು ಹೋಯಿತು. ಎತ್ತರದಲ್ಲಿರುವ ನಮಗೆ ಅದು ಇನ್ನೂ ದೊಡ್ಡ ನಷ್ಟ. ಗಾಡಿ ಆರಿದ ಮೇಲೆ ಮೇಲಿನ ಹೋಸ್ ಒಳಕ್ಕೆ ಎಳೆದು ಚಪ್ಪಟೆಯಾಗಿದ್ದರೆ ಕ್ಯಾಪಿನ ಒಳಗಿನ ಚಿಕ್ಕ ವಾಲ್ವ್ ಅಂಟಿದೆ. ಎಲ್ಲಕ್ಕಿಂತ ಕಡಿಮೆ ಬೆಲೆಯ ಸಾಮಾನು ಇದು. ಅದೇ ನಂಬರಿನದು ಹಾಕಿ, ಜಾಸ್ತಿ ನಂಬರಿನದು ಹಾಕಿದರೆ ಹಳೆ ಹೋಸ್ ಒಡೆಯುತ್ತದೆ.

ತೋಡಿನ (ಹಳ್ಳದ) ನೀರು ಶುದ್ಧ ಇರುತ್ತದೆ, ಅದನ್ನೇ ಹಾಕಿದರೆ ಏನು?

ದಾರಿಯಲ್ಲಿ ಕಷ್ಟಕ್ಕೆ ಬಿದ್ದಾಗ ಹಾಕಿ, ತಪ್ಪಿಲ್ಲ. ಬಟ್ಟೆಯಲ್ಲಿ ಸೋಸಿ ಹಾಕಿ. ಆದರೆ ವರ್ಷಗಟ್ಟಲೆ ಅದರಲ್ಲೇ ಓಡಿಸಬೇಡಿ. ತೋಡಿನ ನೀರಿನಲ್ಲಿ ನುಣ್ಣನೆಯ ಮಣ್ಣು ಬರುತ್ತದೆ, ಬೋರ್‌ವೆಲ್ ನೀರಿನಲ್ಲಿ ಸುಣ್ಣ ಕಟ್ಟುತ್ತದೆ, ಎರಡರಲ್ಲೂ ತುಕ್ಕು ತಡೆಯುವ ಮದ್ದಿಲ್ಲ. ಕೂಲೆಂಟ್ ಬೇಕಾಗುವುದು ಮುಖ್ಯವಾಗಿ ಆ ಮದ್ದಿಗೆ, ಜೊತೆಗೆ ಕುದಿಯುವ ಬಿಸಿಯನ್ನೂ ಸ್ವಲ್ಪ ಏರಿಸುತ್ತದೆ. ದಪ್ಪ ಕೂಲೆಂಟ್ ಆದರೆ ಅರ್ಧಕ್ಕರ್ಧ ಬ್ಯಾಟರಿ ವಾಟರ್, ಅಂದರೆ ಡಿಸ್ಟಿಲ್ಡ್ ವಾಟರ್ ಸೇರಿಸಿ. ರೆಡಿಮಿಕ್ಸ್ ಅಂತ ಬರೆದಿದ್ದರೆ ಹಾಗೇ ಹಾಕಿ. ಬೇರೆ ಬೇರೆ ಬಣ್ಣದ್ದನ್ನು ಬೆರೆಸಬೇಡಿ. ಹಳೆಯದನ್ನು ಅಂಗಳದಲ್ಲಿ ಚೆಲ್ಲಲೇಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿ ನೆಕ್ಕುತ್ತದೆ, ಸ್ವಲ್ಪ ಹೊಟ್ಟೆಗೆ ಹೋದರೂ ಸಾಯುತ್ತದೆ. ತೋಡಿಗೂ ಬಿಡಬೇಡಿ.

ಕೂಲೆಂಟ್ ಬದಲಾಯಿಸಿದ ಮೇಲೆಯೇ ಬಿಸಿ ಜಾಸ್ತಿಯಾಗಿದೆ. ಕೂಲೆಂಟ್ ಸರಿ ಇಲ್ಲವಾ?

ಗಾಳಿ ಸಿಕ್ಕಿಕೊಂಡಿದೆ. ಗಾಡಿಯ ಮೂತಿ ಏರಿನ ಕಡೆಗೆ ಇರುವ ಹಾಗೆ ನಿಲ್ಲಿಸಿ. ಕೊಡಗಿನಲ್ಲಿ ಏರು ಹುಡುಕಬೇಕಾಗಿಲ್ಲ. ತಣ್ಣಗಿರುವಾಗ ಕ್ಯಾಪ್ ತೆಗೆದು, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಸ್ಟಾರ್ಟ್ ಮಾಡಿ. ಗುಳ್ಳೆ ಬರುತ್ತಾ ನೀರು ಇಳಿಯುತ್ತದೆ, ತುಂಬುತ್ತಾ ಇರಿ. ಮೇಲಿನ ಹೋಸನ್ನು ಆಗಾಗ ಹಿಚುಕಿ. ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ. ಓಮ್ನಿಯಲ್ಲಿ ಹೋಸ್‌ಗಳು ಉದ್ದ, ಹಾಗಾಗಿ ತಾಳ್ಮೆ ಜಾಸ್ತಿ ಬೇಕು. ಮರುದಿನ ಬೆಳಿಗ್ಗೆ ಮತ್ತೊಮ್ಮೆ ನೀರು ನೋಡಿ.

ಎಷ್ಟು ಹೊತ್ತಾದರೂ ಗುಳ್ಳೆ ನಿಲ್ಲದಿದ್ದರೆ ಕೆಳಗಿನ ಉತ್ತರ ಓದಿ.

ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಹೇಗೆ ಗೊತ್ತಾಗುತ್ತದೆ? ಆಯಿಲ್ ಕ್ಯಾಪಿನಲ್ಲಿ ಬಿಳಿ ಕೆನೆ ಇದೆ, ಭಯವಾಗುತ್ತಿದೆ.

ಹೆಡ್ ಗ್ಯಾಸ್ಕೆಟ್ ಅಂದರೆ ಹೆಡ್ ಮತ್ತು ಕೆಳಗಿನ ಎಂಜಿನ್ ಬ್ಲಾಕ್ ಮಧ್ಯೆ ಕೂರುವ ತೆಳು ಹಾಳೆ. ಬರೀ ಕೆನೆ ನೋಡಿ ಹೆದರಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಿಂದ ಪೇಟೆಗೆ ಮೂರು ಕಿಲೋಮೀಟರ್ ಹೋಗಿ ಬರುವ ಗಾಡಿಯಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಒಳಗಿನ ತೇವ ಆಯಿಲ್ ಜೊತೆ ಸೇರಿ ಮುಚ್ಚಳದಲ್ಲಿ ಕೆನೆ ಕಟ್ಟುತ್ತದೆ. ಒರೆಸಿ, ಒಂದು ದಿನ ಐವತ್ತು ಕಿಲೋಮೀಟರ್ ಓಡಿಸಿ ಮತ್ತೆ ನೋಡಿ. ಡಿಪ್‌ಸ್ಟಿಕ್‌ನಲ್ಲೇ ಆಯಿಲ್ ಹಾಲು ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಆಯಿಲ್ ಮಟ್ಟ ತಾನೇ ಏರಿದ್ದರೆ, ಆಗ ಭಯ ಪಡಬೇಕು. ಓಡಿಸಬೇಡಿ.

ಇನ್ನೂ ಗುರುತುಗಳಿವೆ. ಎಲ್ಲೂ ಲೀಕ್ ಇಲ್ಲದೆ ನೀರು ಕಡಿಮೆಯಾಗುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದೆ. ಚಳಿ ಬೆಳಿಗ್ಗೆ ಮೊದಲ ಎರಡು ಮೂರು ನಿಮಿಷ ಬರುವ ಆವಿ ಇದಲ್ಲ, ಅದು ಎಲ್ಲ ಗಾಡಿಗೂ ಬರುತ್ತದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಹೋಸ್ ಕಲ್ಲಿನ ಹಾಗೆ ಗಟ್ಟಿಯಾಗುತ್ತಿದೆ. ನೀರು ಬಿಸಿಯಾಗುವ ಮೊದಲೇ ಒತ್ತಡ ಬಂತು ಅಂದರೆ ಸಿಲಿಂಡರ್‌ನ ಗಾಳಿ ನೀರಿಗೆ ನುಗ್ಗುತ್ತಿದೆ. ಪಕ್ಕಾ ಆಗಬೇಕಾದರೆ ನೀಲಿ ದ್ರವದ ಪರೀಕ್ಷೆ ಇದೆ: ರೇಡಿಯೇಟರ್ ಬಾಯಿಯ ಗಾಳಿಯನ್ನು ಆ ದ್ರವದ ಮೂಲಕ ಎಳೆದಾಗ ಅದು ಹಳದಿಗೆ ತಿರುಗಿದರೆ ಎಂಜಿನ್ ಹೊಗೆ ನೀರಿಗೆ ಸೇರುತ್ತಿದೆ.

ಗ್ಯಾಸ್ಕೆಟ್ ಬದಲಾಯಿಸುವುದಾದರೆ ಹೆಡ್ಡನ್ನು ಲೇತ್‌ಗೆ ಕಳಿಸಿ ಸೊಟ್ಟಗಾಗಿದೆಯಾ ನೋಡಿಸಿ, ಬೇಕಾದರೆ ಫೇಸಿಂಗ್ ಮಾಡಿಸಿ, ಅಂದರೆ ಮಟ್ಟಸ ಮಾಡಿಸಿ. ದುಡ್ಡು ಉಳಿಸಲು ಅದನ್ನು ಬಿಟ್ಟರೆ ಹೊಸ ಗ್ಯಾಸ್ಕೆಟ್ ಕೂಡ ಸ್ವಲ್ಪ ದಿನಕ್ಕೇ ಹೋಗುತ್ತದೆ. ಯಾಕೆ ಬಿಸಿಯಾಯಿತು ಅನ್ನುವುದನ್ನೂ ಹುಡುಕಿಸಿ.

ಗಾಡಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಮುಳ್ಳು ಮೊದಲಿಗಿಂತ ಮೇಲಿರುತ್ತದೆ.

ಅದು ಸಹಜ. ಪಂಪ್ ನಿಂತ ಮೇಲೆ ಹೆಡ್‌ನ ಶಾಖ ಅಲ್ಲೇ ನಿಂತ ನೀರಿಗೆ ಸೇರುತ್ತದೆ. ಸ್ಟಾರ್ಟ್ ಆಗಿ ಒಂದೆರಡು ನಿಮಿಷದಲ್ಲಿ ಇಳಿಯಬೇಕು.

ಫ್ಯಾನ್ ಸ್ವಿಚ್ ಹೋಗಿದೆ, ಡ್ಯಾಶ್‌ಬೋರ್ಡಿಗೆ ನೇರ ಸ್ವಿಚ್ ಹಾಕಿಸಲಾ?

ತಾತ್ಕಾಲಿಕಕ್ಕೆ ಸರಿ. ರಿಲೇ ಮತ್ತು ಫ್ಯೂಸ್ ಹಾಕಿಸಿ, ಬರೀ ವೈರ್ ಎಳೆದರೆ ಕರಗಿ ಬೆಂಕಿ ಹತ್ತೀತು. ಆದರೆ ಒಂದು ದಿನ ಸ್ವಿಚ್ ಹಾಕಲು ಮರೆಯುತ್ತೀರಿ, ಅಥವಾ ಮನೆಯ ಬೇರೆಯವರಿಗೆ ಅದು ಗೊತ್ತಿರುವುದಿಲ್ಲ. ಸರಿಯಾದ ಫ್ಯಾನ್ ಸ್ವಿಚ್ ಸಿಕ್ಕಿದ ದಿನವೇ ಬದಲಾಯಿಸಿ.

ಮೆಕ್ಯಾನಿಕ್ ಹತ್ತಿರ ಹೋದಾಗ ಏನು ಹೇಳಬೇಕು?

ಹೀಟಿಂಗ್ ಪ್ರಾಬ್ಲಂ ಅಂತ ಒಂದೇ ಮಾತು ಹೇಳಿ ಕೀ ಕೊಟ್ಟು ಬರಬೇಡಿ. ನಾನು ಹಾಗೇ ಮಾಡಿದ್ದೆ. ಯಾವಾಗ ಬಿಸಿಯಾಗುತ್ತದೆ, ಏರಿನಲ್ಲಾ, ನಿಂತಾಗಲಾ, ಸ್ಟಾರ್ಟ್ ಮಾಡಿದ ಎಷ್ಟು ಹೊತ್ತಿಗೆ, ಎಸಿ ಹಾಕಿದಾಗಲಾ ಅಂತ ಹೇಳಿ. ವಾರಕ್ಕೆ ಎಷ್ಟು ನೀರು ಹಾಕಬೇಕಾಗುತ್ತದೆ ಅಂತ ಹೇಳಿ. ಫ್ಯಾನ್ ತಿರುಗುವುದನ್ನು ನೋಡಿದಿರಾ ಇಲ್ಲವಾ, ಥರ್ಮಾಮೀಟರ್ ಎಷ್ಟು ತೋರಿಸಿತು, ಸೆನ್ಸರ್ ವೈರ್ ಕಿತ್ತಾಗ ಮುಳ್ಳು ಏನು ಮಾಡಿತು, ಎಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬದಲಾಯಿಸಿದ ಹಳೆ ಸಾಮಾನನ್ನು ಕೇಳಿ ಮನೆಗೆ ತನ್ನಿ. ನನ್ನ 800ರಿಂದ ತೆಗೆದ ತರ್ಮೋಸ್ಟಾಟನ್ನು ಹಾಗೆ ತಂದು ಪಾತ್ರೆಯಲ್ಲಿ ಹಾಕಿ ನೋಡಿದಾಗ ಸರಿಯಾಗಿ 82ಕ್ಕೆ ಬಾಯಿ ತೆರೆಯಿತು. ಈಗ ಅದು ಪಕ್ಕದ ಮನೆಯವರ ಇನ್ನೊಂದು 800ರಲ್ಲಿ ಓಡುತ್ತಿದೆ.